ಬೋಯಿಂಗ್ 737: ಕ್ಯಾಬಿನ್ ಒತ್ತಡ ಕುಸಿದಾಗ ಕಾಕ್‌ಪಿಟ್‌ನಲ್ಲಿ ಮಾಡಬೇಕಾದ್ದು

ಹಾರಾಟದ ನಡುವೆ ಬಿಟ್ಟು ಬಿಟ್ಟು ಹಾರ್ನ್ ಕೂಗಿತೆಂದರೆ ಕ್ಯಾಬಿನ್ ಎತ್ತರ (ಒಳಗಿನ ಗಾಳಿಯ ಒತ್ತಡ ಎಷ್ಟು ಎತ್ತರದ ಗಾಳಿಗೆ ಸಮ ಎಂಬ ಲೆಕ್ಕ) 10,000 ಅಡಿ ದಾಟಿದೆ ಎಂದರ್ಥ. ಕಾರಣ ಆಮೇಲೆ ಹುಡುಕಿ, ಮೊದಲು ಮಾಸ್ಕ್ ಹಾಕಿಕೊಳ್ಳಿ. 35,000 ಅಡಿಯಲ್ಲಿ ಒತ್ತಡ ಪೂರ್ತಿ ಹೋದರೆ ತಲೆ ಓಡುವುದು 30ರಿಂದ 60 ಸೆಕೆಂಡು ಮಾತ್ರ. ಮಾಸ್ಕಿನ ರೆಗ್ಯುಲೇಟರ್ 100% ಆಕ್ಸಿಜನ್‌ನಲ್ಲಿರಲಿ. ಪಕ್ಕದವರ ದನಿ ಇಂಟರ್‌ಕಾಮ್‌ನಲ್ಲಿ ಕೇಳುತ್ತಿದೆಯೇ ನೋಡಿ.

ಈಗ ತಲೆಯ ಮೇಲಿನ ಪ್ಯಾನೆಲ್. ಕ್ಯಾಬಿನ್ ಒತ್ತಡದ ಮೋಡ್ ಸೆಲೆಕ್ಟರನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಔಟ್‌ಫ್ಲೋ ವಾಲ್ವ್ (ಒಳಗಿನ ಗಾಳಿ ಹೊರಗೆ ಬಿಡುವ ಕವಾಟ) ಸ್ವಿಚ್ಚನ್ನು ಕ್ಲೋಸ್ ಕಡೆಗೆ ಒತ್ತಿ ಹಿಡಿಯಿರಿ. ಮುಳ್ಳು ಪೂರ್ತಿ ಮುಚ್ಚಿದ ಗುರುತಿಗೆ ಬರುವವರೆಗೂ ಬಿಡಬೇಡಿ. ಬಿಟ್ಟರೆ ಸ್ವಿಚ್ ಸ್ಪ್ರಿಂಗಿಗೆ ನಡುವಿಗೆ ಬರುತ್ತದೆ, ವಾಲ್ವ್ ಅರ್ಧದಲ್ಲೇ ನಿಲ್ಲುತ್ತದೆ.

ಆಗಲೂ ಹತೋಟಿಗೆ ಬರದಿದ್ದರೆ ಪ್ಯಾಸೆಂಜರ್ ಆಕ್ಸಿಜನ್ ಆನ್ ಮಾಡಿ, ಇಳಿಯಲು ಶುರುಮಾಡಿ. ಥ್ರಸ್ಟ್ ಐಡಲ್ (ಎಂಜಿನ್ ಕನಿಷ್ಠ ಶಕ್ತಿಗೆ), ಸ್ಪೀಡ್‌ಬ್ರೇಕ್ ಲಿವರ್ ಫ್ಲೈಟ್ ಡಿಟೆಂಟ್ (ಹಾರಾಟದಲ್ಲಿ ಎಳೆಯಬಹುದಾದ ಕೊನೆಯ ಗುರುತು), ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700. ವಿಮಾನದ ಒಡಲಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ವೇಗ ಏರಿಸಬೇಡಿ. 10,000 ಅಡಿ ಅಥವಾ ಬೆಟ್ಟಗುಡ್ಡ ತಪ್ಪಿಸುವ ಕನಿಷ್ಠ ಎತ್ತರ, ಯಾವುದು ಹೆಚ್ಚೋ ಅಲ್ಲಿ ನಿಲ್ಲಿ. ಪ್ರಯಾಣಿಕರ ಮಾಸ್ಕುಗಳು ಕ್ಯಾಬಿನ್ ಎತ್ತರ ಸುಮಾರು 14,000 ಅಡಿಯಾದಾಗ ತಾವೇ ಬೀಳುತ್ತವೆ, ಆದರೆ ಅವುಗಳ ಆಕ್ಸಿಜನ್ ಜನರೇಟರ್ ನಡೆಯುವುದು ಸುಮಾರು 12 ನಿಮಿಷ. ಹಿಮಾಲಯದ ಮೇಲಿದ್ದರೆ ಇದು ಸಾಲದು. ಆ ಲೆಕ್ಕ ನೆಲದಲ್ಲೇ ಆಗಿರಬೇಕು.

ಎಡವುವ ಜಾಗ ಹಾರ್ನೇ. ಟೇಕಾಫ್ ಎಚ್ಚರಿಕೆಯದೂ (ವಿಮಾನ ಟೇಕಾಫ್‌ಗೆ ಸರಿಯಾಗಿ ಸಜ್ಜಾಗಿಲ್ಲ ಎನ್ನುವುದು) ಇದೇ ಸದ್ದು, ಆದರೆ ಅದು ನೆಲದ ಮೇಲೆ ಮಾತ್ರ ಕೂಗುತ್ತದೆ. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಹೀಲಿಯೋಸ್ ಏರ್‌ವೇಸ್‌ನ 737 ವಿಮಾನ, ಫ್ಲೈಟ್ 522ರಲ್ಲಿ ಸೆಲೆಕ್ಟರ್ ಮ್ಯಾನ್ಯುಯಲ್‌ನಲ್ಲೇ ಉಳಿದಿತ್ತು. ಏರುವಾಗ ಕೂಗಿದ ಹಾರ್ನನ್ನು ಪೈಲಟ್‌ಗಳು ಟೇಕಾಫ್ ಎಚ್ಚರಿಕೆಯೆಂದುಕೊಂಡರು. 121 ಜನ ಸತ್ತರು. ಏರುವ ಮುನ್ನ ಸೆಲೆಕ್ಟರ್ ಆಟೋದಲ್ಲಿದೆಯೇ ಎಂದು ಕಣ್ಣಾರೆ ನೋಡಿ.