ತುಟಿ ಅಲ್ಲಾಡಿಸದೆ ಪರೀಕ್ಷೆ ಬರೆಯುವುದು: ಆನ್‌ಲೈನ್‌ನಲ್ಲಿ ಎಚ್‌ಆರ್ ಓದುವವರಿಗೆ

ಮನೆಯಲ್ಲೇ ಲ್ಯಾಪ್‌ಟಾಪ್ ಕ್ಯಾಮೆರಾ ಮುಂದೆ ಕೂತು ಬರೆದ ಮೊದಲ ಸೆಮಿಸ್ಟರಿನ ಪರೀಕ್ಷೆಯಲ್ಲಿ ನನಗೆ ಎರಡು ಸಲ ಎಚ್ಚರಿಕೆ ಬಂತು. ಕಾಪಿ ಹೊಡೆದಿರಲಿಲ್ಲ. ಪ್ರಶ್ನೆಯನ್ನು ತುಟಿ ಅಲ್ಲಾಡಿಸಿ ಓದುತ್ತಿದ್ದೆ, ಅಷ್ಟೇ. ಒಂದನೇ ಕ್ಲಾಸಿನಿಂದ ಬಾಯಿಪಾಠ ಮಾಡಿಯೇ ಪಾಸಾದವಳು ನಾನು. ಕ್ಯಾಮೆರಾದ ಆಚೆ ಕೂತು ನೋಡುವ ಮೇಲ್ವಿಚಾರಕರಿಗೆ, ಇವಳು ಪಕ್ಕದಲ್ಲಿ ಯಾರಿಗೋ ಪ್ರಶ್ನೆ ಹೇಳುತ್ತಿದ್ದಾಳೆ ಅನ್ನಿಸಿದೆ. ಇನ್ನೊಂದು ಸಲ ಆದರೆ ಪರೀಕ್ಷೆ ನಿಲ್ಲಿಸುತ್ತೇವೆ ಅಂತ ಚಾಟ್‌ನಲ್ಲಿ ಬಂತು. ಉಳಿದ ಹೊತ್ತು ಹಲ್ಲು ಕಚ್ಚಿಕೊಂಡೇ ಬರೆದೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಹಾಜರಿ, ಪೀಸ್ ಲೆಕ್ಕ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ನೋಡಿಕೊಳ್ಳುತ್ತೇನೆ. ಮನೆ ಕೌಲ್ ಬಜಾರ್‌ನಲ್ಲಿ. ಕೆಲಸ ಬಿಡದೆ ಎಚ್‌ಆರ್‌ನಲ್ಲಿ, ಅಂದರೆ ಸಿಬ್ಬಂದಿ ನಿರ್ವಹಣೆಯಲ್ಲಿ, ಎಂಬಿಎ ಮುಗಿಸಿದೆ. ನಮ್ಮ ಕೋರ್ಸಿನಲ್ಲಿ ಅಸೈನ್‌ಮೆಂಟ್‌ಗೆ 30 ಅಂಕ, ಪರೀಕ್ಷೆಗೆ 70. ಆ 70ರಲ್ಲಿ ಓದಿನಷ್ಟೇ ಕೋಣೆಯ ಪಾತ್ರವೂ ಇದೆ. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಎಲ್ಲಕ್ಕಿಂತ ಮುಂಚೆ ಹೆಸರು ನೋಡಿ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆ ಮುಕ್ಕಾಲು ಪಾಲು ಜನರದ್ದು ಹೀಗೇ ಅಲ್ವಾ? ಪರೀಕ್ಷೆಯ ದಿನ ಗುರುತಿನ ಚೀಟಿಯನ್ನು ಕ್ಯಾಮೆರಾಗೆ ಹಿಡಿದಾಗ ಎರಡೂ ಹೊಂದಬೇಕು. ಒಂದು ತಿಂಗಳು ಮೊದಲೇ ಕಾಲೇಜಿಗೆ ಮೇಲ್ ಹಾಕಿ ಸರಿ ಮಾಡಿಸಿಕೊಳ್ಳಿ.

ಆಫೀಸಿನ ಲ್ಯಾಪ್‌ಟಾಪ್ ನಂಬಬೇಡಿ. ಅದರಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಪಾಸ್‌ವರ್ಡ್ ಬೇಕು, ಆ ಪಾಸ್‌ವರ್ಡ್ ಇರುವವರು ಭಾನುವಾರ ಫೋನ್ ಎತ್ತುವುದಿಲ್ಲ. ನಾನು ತಂಗಿಯ ಲ್ಯಾಪ್‌ಟಾಪ್ ತಂದುಕೊಂಡೆ. ಪರೀಕ್ಷೆಗೆ ನಾಲ್ಕು ದಿನ ಮೊದಲೇ, ಲ್ಯಾಪ್‌ಟಾಪ್ ಪರೀಕ್ಷೆಗೆ ಸರಿಹೊಂದುತ್ತದೆಯೇ ಅಂತ ತೋರಿಸುವ ಸಿಸ್ಟಮ್ ಚೆಕ್ ಲಿಂಕ್ ಒತ್ತಿ ನೋಡಿ. ಪರೀಕ್ಷೆ ಬರೆಯುವ ಅದೇ ಜಾಗ, ಅದೇ ನೆಟ್, ಅದೇ ಹೊತ್ತಿನಲ್ಲಿ ನೋಡಬೇಕು. ದೂರದಿಂದ ಬೇರೆಯವರು ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಇದ್ದರೆ ಅಳಿಸಿ ಹಾಕಿ. ವಾಟ್ಸ್‌ಆ್ಯಪ್ ವೆಬ್ ಮುಚ್ಚಿ. ವಿಂಡೋಸ್ ಅಪ್‌ಡೇಟ್ ಹಿಂದಿನ ರಾತ್ರಿಯೇ ಮುಗಿಸಿ.

ಇನ್ನು ಕೋಣೆ. ಶುರುವಿನಲ್ಲಿ ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ, ಮೇಜಿನ ಮೇಲೆ, ಮೇಜಿನ ಕೆಳಗೆ ತೋರಿಸಲು ಹೇಳುತ್ತಾರೆ. ನಮ್ಮ ಮನೆಯ ಬೀರುವಿಗೆ ಆಳೆತ್ತರದ ಕನ್ನಡಿ ಇದೆ. ಅದನ್ನು ಮುಚ್ಚಿ ಅಂದರು. ಗಡಿಬಿಡಿಯಲ್ಲಿ ಅವ್ವನ ಸೀರೆ ಇಳಿಬಿಟ್ಟೆ, ಅದು ಜಾರಿ ಬಿತ್ತು, ಮತ್ತೆ ತೋರಿಸು ಅಂದರು. ಹತ್ತು ನಿಮಿಷ ಹೋಯಿತು. ನೀವು ಮೊದಲೇ ಬೆಡ್‌ಶೀಟ್ ಕಟ್ಟಿಬಿಡಿ. ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್ ಇಳಿಸಿ. ದೇವರ ಫೋಟೋಗೆ ಯಾರೂ ಏನೂ ಅನ್ನಲಿಲ್ಲ. ಕಿಟಕಿಗೆ ಬೆನ್ನು ಹಾಕಬೇಡಿ, ನಮ್ಮೂರ ಬಿಸಿಲಿಗೆ ಮುಖ ಕಪ್ಪಾಗಿ ಕಾಣುತ್ತದೆ. ಎದುರಿನಿಂದ ಬೆಳಕು ಬೀಳಲಿ.

ಸಮಯ ಆರಿಸಿಕೊಳ್ಳಲು ಬಿಟ್ಟರೆ ಬೆಳಗಿನ ಮೊದಲ ಪಾಳಿ ತೆಗೆದುಕೊಳ್ಳಿ. ನಮ್ಮದು ತಗಡಿನ ಶೀಟಿನ ಮನೆ. ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪ್ ನಮಗಿಂತ ಮೊದಲು ಸುಸ್ತಾಗುತ್ತದೆ. ಫ್ಯಾನ್ ಜೋರು ಮಾಡಿದರೆ ಟಕಟಕ ಸದ್ದು ಮೈಕಿಗೆ ಬೀಳುತ್ತದೆ. ಕರೆಂಟ್ ತೆಗೆಯುವ ಸುದ್ದಿ ಪೇಪರಿನ ಊರ ಪುಟದಲ್ಲಿ ಬರುತ್ತದೆ, ಆ ವಾರ ದಿನಾ ನೋಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದರೂ ರೂಟರ್‌ಗೆ ಇರುವುದಿಲ್ಲ ಅನ್ನೋದು ಮರೆತುಹೋಗುತ್ತದೆ. ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ತಂದಿಟ್ಟುಕೊಳ್ಳಿ. ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಪಕ್ಕದ ಕೋಣೆಯಲ್ಲಿಡಿ. ಫೋನ್ ಕೈಗೆ ಸಿಗುವಂತಿರಬಾರದು.

ಅವ್ವನಿಗೆ ಎಷ್ಟು ಹೇಳಿದರೂ ಚಹಾ ಹಿಡಿದು ಬಂದೇ ಬಂದಳು. ಎರಡನೇ ಪರೀಕ್ಷೆಯಿಂದ ಒಳಗಿನಿಂದ ಚಿಲಕ ಹಾಕಿಕೊಂಡೆ. ತಿಂಡಿಗೆ ಒಗ್ಗರಣೆ ಮಂಡಕ್ಕಿ ಸರಿ, ಮಿರ್ಚಿ ಬೇಡ. ಮೂರು ಗಂಟೆ ಎದ್ದು ಹೋಗುವ ಹಾಗಿಲ್ಲ.

ತುಟಿಯ ವಿಷಯಕ್ಕೆ ಬರುತ್ತೇನೆ. ಅಭ್ಯಾಸ ಮಾಡುವಾಗ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಪ್ರಶ್ನೆ ಓದುತ್ತಿದ್ದೆ. ತುಟಿ ಅಲ್ಲಾಡಿದರೆ ತಕ್ಷಣ ಗೊತ್ತಾಗುತ್ತದೆ. ಪರೀಕ್ಷೆಯ ದಿನ ಮಾತ್ರ ಬೇಡ, ಏನೋ ಅಗಿಯುತ್ತಿದ್ದಾಳೆ ಅಂದಾರು. ಯೋಚಿಸುವಾಗ ಸೂರು ನೋಡುವ ಅಭ್ಯಾಸವೂ ಬಿಡಬೇಕು. ನನ್ನನ್ನೇ ಫೋನಿನಲ್ಲಿ ಅರ್ಧ ಗಂಟೆ ವಿಡಿಯೋ ಮಾಡಿ ನೋಡಿದೆ. ನಗು ಬಂತು, ಆದರೆ ಕಣ್ಣು ಎಲ್ಲೆಲ್ಲಿ ಓಡುತ್ತದೆ ಅಂತ ತಿಳಿಯಿತು.

ಬಾಯಿಪಾಠ ಬಿಟ್ಟ ಮೇಲೆ ಕಾನೂನು ಪತ್ರಿಕೆಯ ಅಂಕಿಗಳನ್ನು ನೆನಪಿಡುವುದು ಹೇಗೆ? ನಾನು ನಮ್ಮ ಸಂಬಳದ ಪಟ್ಟಿ ಹಿಡಿದು ಕೂತೆ. 13,000 ಸಂಬಳ, ಹತ್ತು ವರ್ಷ ಸರ್ವಿಸ್ ಅಂದುಕೊಳ್ಳಿ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಕೊಡುವ ಹಣಕ್ಕೆ, 13,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ 7,500. ಹತ್ತು ವರ್ಷಕ್ಕೆ 75,000. ಪಿಎಫ್ 12 ಪರ್ಸೆಂಟ್, ಅಂದರೆ 1,560. ಇಎಸ್‌ಐಗೆ ಕಾರ್ಮಿಕರ ಪಾಲು 0.75 ಪರ್ಸೆಂಟ್, 97.50 ಬರುತ್ತದೆ, 98 ಕಟ್ಟುತ್ತೇವೆ. ಮಾಲೀಕರದ್ದು 3.25.

ಬಹು ಆಯ್ಕೆಯ ಪ್ರಶ್ನೆಯಲ್ಲಿ ಬೀಳಿಸುವುದು ಒಂದೇ ಅಂಕಿ ಎರಡು ಕಡೆ ಇರುವಾಗ. ಗ್ರಾಚ್ಯುಟಿಯ 26 ಅಂದರೆ ಒಂದು ತಿಂಗಳ ಕೆಲಸದ ದಿನಗಳು, ನಾಲ್ಕು ಭಾನುವಾರ ಕಳೆದದ್ದು. ಹೆರಿಗೆ ರಜೆಯ 26 ಅಂದರೆ ವಾರಗಳು, ಅದು 2017ರ ತಿದ್ದುಪಡಿಯಲ್ಲಿ ಬಂದದ್ದು. 8.33 ಪರ್ಸೆಂಟ್ ಕನಿಷ್ಠ ಬೋನಸ್ಸೂ ಹೌದು, ಮಾಲೀಕರ ಪಿಎಫ್ ಪಾಲಿನಿಂದ ಪಿಂಚಣಿಗೆ ಹೋಗುವ ಭಾಗವೂ ಹೌದು. ಇಂಥವುಗಳನ್ನು ಜೋಡಿ ಜೋಡಿಯಾಗಿ ಬರೆದುಕೊಳ್ಳಿ.

ಇನ್ನೊಂದು ಮಾತು. 29 ಕಾರ್ಮಿಕ ಕಾನೂನುಗಳನ್ನು ಒಟ್ಟು ಮಾಡಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನಿಮ್ಮ ಪಠ್ಯದಲ್ಲಿ 1972ರ ಗ್ರಾಚ್ಯುಟಿ ಕಾಯ್ದೆಯೇ ಇರಬಹುದು. ಪ್ರಶ್ನೆ ಯಾವುದರ ಮೇಲೆ ಬರುತ್ತದೆ ಅಂತ ಮೇಷ್ಟ್ರನ್ನು ಮೊದಲೇ ಕೇಳಿ. ಉದ್ದ ಉತ್ತರವಾದರೆ ಹಳೆಯ ಕಾಯ್ದೆ ಬರೆದು, ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ ಅಂತ ಒಂದು ಸಾಲು ಸೇರಿಸಿ. ಉದ್ದ ಉತ್ತರಗಳನ್ನು ಟೈಪ್ ಮಾಡಿಯೇ ಅಭ್ಯಾಸ ಮಾಡಿ. ಪೆನ್ನು ಹಿಡಿದು ಓಡುವ ಕೈ ಕೀಬೋರ್ಡಿನಲ್ಲಿ ತಡವರಿಸುತ್ತದೆ.

ನಡುವೆ ನೆಟ್ ಹೋದರೆ ಎದ್ದು ಓಡಾಡಬೇಡಿ. ವಿಡಿಯೋ ಇನ್ನೂ ರೆಕಾರ್ಡ್ ಆಗುತ್ತಿರಬಹುದು. ಎಷ್ಟು ಗಂಟೆಗೆ ಹೋಯಿತು ಅನ್ನೋದು ನೆನಪಿಟ್ಟುಕೊಳ್ಳಿ, ಮತ್ತೆ ಲಾಗಿನ್ ಆಗಿ ಚಾಟ್‌ನಲ್ಲಿ ಮೊದಲು ಅದನ್ನೇ ಬರೆಯಿರಿ. ಮುಗಿದ ಕೂಡಲೇ ಸಹಾಯವಾಣಿಗೆ ಮೇಲ್ ಹಾಕಿ ದೂರಿನ ನಂಬರ್ ಇಟ್ಟುಕೊಳ್ಳಿ.

ಸಬ್ಮಿಟ್ ಒತ್ತಿದ ಮೇಲೂ ಲ್ಯಾಪ್‌ಟಾಪ್ ಮುಚ್ಚಬೇಡಿ. ವಿಡಿಯೋ ಅಪ್‌ಲೋಡ್ ಮುಗಿದು, ಬಂತು ಅನ್ನುವ ಸಂದೇಶ ಕಾಣಲಿ. ಆಮೇಲೆ ಕನ್ನಡಿಯ ಬೆಡ್‌ಶೀಟ್ ತೆಗೆಯಿರಿ. ನಾನು ಎರಡು ದಿನ ಹಾಗೇ ಬಿಟ್ಟಿದ್ದೆ, ತಲೆ ಬಾಚಲು ಪಕ್ಕದ ಮನೆಗೆ ಹೋಗಬೇಕೇನು ಅಂತ ಅವ್ವನ ಹತ್ತಿರ ಬೈಸಿಕೊಂಡೆ.