ಕಣ್ಣಿನ ತಾರೀಖು

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡುವಾಗ ಅದರ ತಲೆ ಹಿಡಿದುಕೊಳ್ಳುವ ನರ್ಸ್ ನಾನು. ‘ಕಣ್ಣು ಬಿಟ್ಟು ನೋಡುತ್ತಿದೆಯಲ್ಲ ಸಿಸ್ಟರ್, ಪರೀಕ್ಷೆ ಏಕೆ?’ ಎಂದು ಕೇಳದ ತಾಯಿ ಅಪರೂಪ. ನಾವು ಹುಡುಕುವ ಕಾಯಿಲೆ ಇರುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ (ರೆಟಿನಾ). ಅಲ್ಲಿಯ ರಕ್ತನಾಳಗಳು ಅಂಚು ಮುಟ್ಟುವುದು ಹೆಚ್ಚುಕಡಿಮೆ ದಿನ ತುಂಬುವ ಹೊತ್ತಿಗೆ. ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಅವು ಇನ್ನೂ ದಾರಿಯಲ್ಲಿರುತ್ತವೆ. ಹೊರಗೆ ಬಂದ ಮೇಲೆ ಅಡ್ಡಾದಿಡ್ಡಿ ಬೆಳೆದರೆ ಪಟಲವನ್ನೇ ಎಳೆದು ಬಿಡಿಸಿಬಿಡಬಲ್ಲವು. ಇದೇ ಆರ್‌ಒಪಿ, ಅಂದರೆ ‘ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ’.

ಭಾರತದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ಪರೀಕ್ಷೆ ಆಗಬೇಕು. ಅಮೆರಿಕದಲ್ಲಿ ಗೆರೆ 30 ವಾರ, 1,500 ಗ್ರಾಂ. ಮೊದಲ ಪರೀಕ್ಷೆ ಸಾಮಾನ್ಯವಾಗಿ ಹುಟ್ಟಿದ ನಾಲ್ಕು ವಾರದೊಳಗೆ. ನಮ್ಮಲ್ಲಿ ತೀರಾ ಪುಟ್ಟ ಮಕ್ಕಳಿಗೆ ಎರಡು ಮೂರು ವಾರಕ್ಕೇ. ಮಗು ದಾಖಲಾದ ದಿನವೇ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಆ ತಾರೀಖು ಬರೆಯುತ್ತೇನೆ. ನೀವೂ ಬರೆದಿಟ್ಟುಕೊಳ್ಳಿ, ಏಕೆಂದರೆ ಫೈಲು ಆಸ್ಪತ್ರೆಯಲ್ಲೇ ಉಳಿಯುತ್ತದೆ, ಮಗು ಮನೆಗೆ ಹೋಗುತ್ತದೆ. ಹಾಗೆ ಹೋದ ಒಂದು ಮಗು ಮೂರನೆಯ ಲಸಿಕೆಗೆ ಬಂದಾಗಲೇ ಕಣ್ಣು ತೋರಿಸಿದ್ದು. ಒಂದು ಕಣ್ಣು ಉಳಿಯಿತು.

ಪರೀಕ್ಷೆಗೆ ಒಂದು ಗಂಟೆ ಮುಂಚೆ ಹಾಲು ಕುಡಿಸಬೇಡಿ, ವಾಂತಿಯಾದರೆ ಉಸಿರಿಗೆ ಹೋಗಬಹುದು. ಆದರೆ ಮುಗಿದ ಮೇಲೆ ಕೊಡಲು ಹಾಲು ಸಿದ್ಧವಿರಲಿ. ಪಾಪೆ ಅಗಲವಾಗಲು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹನಿ ಹಾಕುತ್ತೇವೆ. ಕೆನ್ನೆಗೆ ಇಳಿದದ್ದನ್ನು ಆಗಲೇ ಒರೆಸುತ್ತೇನೆ, ಅಷ್ಟು ತೆಳು ಚರ್ಮ ಔಷಧಿಯನ್ನು ಹೀರಿಬಿಡುತ್ತದೆ. ಆಮೇಲೆ ಕೈಗಳು ಒಳಗಿರುವಂತೆ ಬಟ್ಟೆಯಲ್ಲಿ ಸುತ್ತಿ, ನೋವು ತಿಳಿಯದಂತೆ ಕಣ್ಣಿಗೆ ಮರಗಟ್ಟಿಸುವ ಹನಿ, ನಾಲಿಗೆಗೆ ಎರಡು ತೊಟ್ಟು ಸಕ್ಕರೆ ನೀರು. ರೆಪ್ಪೆ ಅಗಲಿಸಲು ಪುಟ್ಟ ತಂತಿಯ ಸಾಧನವಿಡುತ್ತಾರೆ. ಆ ತಂತಿ ನೋಡಿ ಎದೆ ಒಡೆದುಕೊಳ್ಳುವ ತಂದೆಯರು ಹೊರಗೆ ಕುಳಿತರೆ ನನಗೂ ಸಲೀಸು. ಡಾಕ್ಟರು ಅಂಚು ನೋಡಲು ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿದಾಗ ಕೆಲವು ಮಕ್ಕಳ ಎದೆಬಡಿತ ಇಳಿಯುತ್ತದೆ. ನನ್ನ ಒಂದು ಕಣ್ಣು ಮಾನಿಟರ್ ಮೇಲೆಯೇ ಇರುತ್ತದೆ. ಅಂಕಿ ಇಳಿಯಿತೋ, ‘ಬಿಡಿ ಸರ್’ ಎನ್ನುತ್ತೇನೆ, ಅವರು ಬಿಡುತ್ತಾರೆ.

ಪರೀಕ್ಷೆಯ ನಂತರ ರೆಪ್ಪೆ ಊದಿದರೆ, ಕಣ್ಣು ಕೆಂಪಾದರೆ ಗಾಬರಿ ಬೇಡ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಪಾಪೆ ಅಗಲವಿರುವಷ್ಟು ಹೊತ್ತು ಬಿಸಿಲಿಗೆ ಒಡ್ಡಬೇಡಿ. ಉಸಿರು ತಡೆದು ತಡೆದು ಬಂದರೆ, ಹೊಟ್ಟೆ ಉಬ್ಬರಿಸಿದರೆ ಮಾತ್ರ ತಡಮಾಡದೆ ಕರೆಯಿರಿ.

ಚಿಕಿತ್ಸೆ ಬೇಕೆಂದರೆ ಲೇಸರ್ ಅಥವಾ ಕಣ್ಣಿಗೆ ಇಂಜೆಕ್ಷನ್, ಅದೂ ಎರಡು ಮೂರು ದಿನದೊಳಗೆ. ‘ಊರಿಗೆ ಹೋಗಿ ವಿಚಾರಿಸಿ ಬರುತ್ತೇವೆ’ ಎನ್ನುವಷ್ಟು ಸಮಯ ಇರುವುದಿಲ್ಲ.

‘ಸದ್ಯ ಕಾಯಿಲೆ ಇಲ್ಲ’ ಎಂದರೆ ಮುಗಿಯಿತೆಂದು ತಿಳಿಯಬೇಡಿ. ‘ರಕ್ತನಾಳ ಅಂಚಿನವರೆಗೆ ಬೆಳೆದಿದೆಯೇ?’ ಎಂದು ಡಾಕ್ಟರನ್ನು ಕೇಳಿ. ಇಲ್ಲ ಎಂದರೆ, ಎದ್ದು ಬರುವ ಮೊದಲು ಮುಂದಿನ ತಾರೀಖು ಬರೆಸಿಕೊಳ್ಳಿ.