ಮೊದಲು ವಾದ್ಯದವರ ಮನೆ, ಆಮೇಲೆ ದೇವರ ಬನ

ನೈಜೀರಿಯಾದಲ್ಲಿ ಯೊರುಬಾ ಜನರ ಊರು ಒಶೋಗ್ಬೊ. ಹೊಳೆದೇವಿ ಓಶುನ್‌ಳ ಹಬ್ಬದ ದಿನ ಬಿಟ್ಟು ಅಲ್ಲಿಗೆ ಹೋದರೆ ಏನೂ ಸಿಗುವುದಿಲ್ಲ ಅಂತ ಲಾಗೋಸಿನ ಗೆಳೆಯರು ಹೇಳುತ್ತಲೇ ಇದ್ದರು. ಈಗ ನನ್ನ ಹತ್ತಿರ ಯೊರುಬಾ ಮಾತನ್ನೇ ನುಡಿಸುವ ಬಾಟಾ, ದುಂದುನ್ ಡ್ರಮ್ಮುಗಳ ಸುಮಾರು 11 ಗಂಟೆಯ ರೆಕಾರ್ಡಿಂಗ್ ಇದೆ. ಅದರಲ್ಲಿ ಒಂದು ನಿಮಿಷವೂ ಹಬ್ಬದ ದಿನದ್ದಲ್ಲ.

ಮೊದಲ ಸಲ ಎಲ್ಲರ ಮಾತು ಕೇಳಿ ಆಗಸ್ಟ್ ಹಬ್ಬಕ್ಕೇ ಹೋದೆ. ಕಾರು, ರೂಮು, ಗೈಡು ಸೇರಿ 2 ಲಕ್ಷ ನೈರಾ ಹತ್ತಿರ ಹೋಯಿತು. ತಲೆ ಮೇಲೆ ಸೋರೆಬುರುಡೆ ಹೊತ್ತು ಬರುವ ಹುಡುಗಿ, ಅರುಗ್ಬಾ, ನನ್ನ ಕಣ್ಣಿಗೇ ಬೀಳಲಿಲ್ಲ. ಅಷ್ಟು ಜನ. ಲೌಡ್‌ಸ್ಪೀಕರ್ ಅಬ್ಬರದಲ್ಲಿ ಡ್ರಮ್ಮಿನ ಸದ್ದು ಮುಳುಗಿ, ರೆಕಾರ್ಡಿಂಗ್ ಪೂರ್ತಿ ದಂಡ. ಓಶುನ್‌ಳ ಬನದಲ್ಲಿ ಸುಸಾನ್ ವೆಂಗರ್ ಕಟ್ಟಿದ ಸಿಮೆಂಟಿನ ದೇವರುಗಳನ್ನು ಗೈಡು ಅರ್ಧ ಗಂಟೆಯಲ್ಲಿ ತೋರಿಸಿ ಮುಗಿಸಿದ. ಆಸ್ಟ್ರಿಯಾದ ಈ ಕಲಾವಿದೆ 1950ರಲ್ಲಿ ನೈಜೀರಿಯಾಕ್ಕೆ ಬಂದು, ಆ ಬನ ಕಡಿದುಹೋಗದಂತೆ ಕಾದು, 2009ರಲ್ಲಿ ಅಲ್ಲೇ ತೀರಿಕೊಂಡರು. ಆ ಕೆಲಸಕ್ಕೆ ಒಂದು ದಿನವಾದರೂ ಕೊಡಬೇಕು, ಅಲ್ವಾ?

ಎರಡನೇ ಸಲ ಓಯೊ ಊರಿನಲ್ಲಿ ಸಿಡಿಲಿನ ದೇವರು ಶಾಂಗೊನ ಗುಡಿ. ಕಾಣಿಕೆಗೆ ಓಬಿ, ಅಂದರೆ ಕೋಲಾ ಕಾಯಿ, ಒಯ್ದಿದ್ದೆ. ಪೂಜಾರಿ ಮುಟ್ಟಲೂ ಇಲ್ಲ. ಶಾಂಗೊಗೆ ಒರೊಗ್ಬೊ, ಆ ಕಹಿ ಕಾಯಿಯೇ ಆಗಬೇಕು. ಗೊತ್ತಿದ್ದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಬರಿಗೈಲಿ ವಾಪಸ್ಸು.

ಮೂರನೇ ಸಲ ಗುಡಿಯ ಕಡೆ ಹೋಗಲೇ ಇಲ್ಲ. ಒಶೋಗ್ಬೊ ಪಕ್ಕದ ಎರಿನ್-ಓಶುನ್‌ಗೆ ಹೋದೆ. ಹೆಸರು 'ಆಯಾನ್' ಅಂತ ಶುರುವಾಗುವ ಬಾಟಾ ಮನೆತನದವರ ಊರದು. ಜೊತೆಗೆ ನನ್ನ ಮದ್ದಳೆ ಇತ್ತು. ಹಿರಿಯರೊಬ್ಬರು ಮದ್ದಳೆಯ ಕರಣೆ, ಅಂದರೆ ಕಪ್ಪು ಲೇಪದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದರು. ಆಮೇಲೆ ತಮ್ಮ ಇಯಾ ಇಲು, ಅಂದರೆ ಬಾಟಾದ ದೊಡ್ಡ ಡ್ರಮ್ಮು, ತಿರುಗಿಸಿದರು. ಅದರ ಮುಖದ ಮೇಲೂ ಮೆತ್ತಿದ ಲೇಪ! ಅವರು ಅದಕ್ಕೆ 'ಇದಾ' ಅನ್ನುತ್ತಾರೆ. ಬೆಳಗೆಲ್ಲಾ ಅವರದ್ದನ್ನು ನಾನು, ನನ್ನದನ್ನು ಅವರು ಬಾರಿಸಿದೆವು. ಆ ಮನೆಗೆ ಕಾಲಿಡುವಾಗ ನಾನು ಯೊರುಬಾದಲ್ಲಿ ಹೇಳಿದ ಎರಡು ಸಾಲು ಮಾತ್ರ ಇಲ್ಲಿ ಬರೆಯುವುದಿಲ್ಲ. ನೀವೇ ಕಲಿತು ಹೋಗಿ.

ಅಲ್ಲೊಂದು ಪ್ರಯೋಗವನ್ನೂ ಮಾಡಿದೆ. ಯೊರುಬಾದ ಮೂರು ಸ್ವರಮಟ್ಟವನ್ನು ದೊ, ರೆ, ಮಿ ಅಂತ ಕಲಿಸುತ್ತಾರೆ. 'ಒಕೊ' ಅನ್ನುವುದು ಸ್ವರ ಬದಲಾದರೆ ಗಂಡ, ಗುದ್ದಲಿ, ಗಾಡಿ, ಈಟಿ ಏನು ಬೇಕಾದರೂ ಆಗುತ್ತದೆ. ಮದ್ದಳೆಯ ಎಡಮುಖ ಒತ್ತಿ ಬಾರಿಸಿ ನಾಲ್ಕನ್ನೂ ಹೇಳಿ ನೋಡಿದೆ. ಅಲ್ಲಿನ ಮಕ್ಕಳು ಎರಡನ್ನು ಗುರುತಿಸಿದರು. ಶುರುವಿಗೆ ಅದು ಕಡಿಮೆಯೇನಲ್ಲ.

ಮೂರನೇ ದಿನ ಬೆಳಗ್ಗೆ ಆರೂವರೆಗೆ ಆ ಹಿರಿಯರೇ ನನ್ನನ್ನು ಓಶುನ್ ಬನಕ್ಕೆ ಕರೆದೊಯ್ದರು. ಹೊಳೆ ದಂಡೆಯಲ್ಲಿ ನಾವು, ಒಂದಿಷ್ಟು ಮಂಗಗಳು, ಅಷ್ಟೇ. ಜೊತೆಗಿದ್ದ ಹುಡುಗ ದುಂದುನ್ ಹಗ್ಗ ಹಿಂಡಿ ಓಶುನ್‌ಳ ಒರಿಕಿ ನುಡಿಸಿದ. ಹೊಗಳಿಕೆಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಮೈ ಜುಮ್ಮೆಂದಿತು. ನೀರಿನ ಸದ್ದು ಡ್ರಮ್ಮನ್ನು ನುಂಗದ ಹಾಗೆ ಮೈಕ್ ಎಲ್ಲಿಟ್ಟೆ ಅನ್ನುವುದೂ ನನ್ನಲ್ಲೇ ಇರಲಿ.

ನಾಲ್ಕು ದಿನಕ್ಕೆ ಖರ್ಚು 90 ಸಾವಿರ ನೈರಾ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ವಾದ್ಯದವರ ಕೈ ಸೇರಿತು. ನುಡಿಸುವವರ ಹಣೆಗೆ ನೋಟು ಅಂಟಿಸುವುದು ಅಲ್ಲಿನ ಹಳೆಯ ರೂಢಿ, ಆದರೆ ಕಾನೂನಿನಲ್ಲಿ ಈಗ ಅದು ಅಪರಾಧ; ಕೈಗೇ ಕೊಡಿ. 100, 200ರ ಚಿಲ್ಲರೆ ನೋಟು ಕಟ್ಟುಗಟ್ಟಲೆ ಇಟ್ಟುಕೊಳ್ಳಿ. ಸುಮ್ನೆ ದೊಡ್ಡ ನೋಟು ಒಯ್ದು ಪರದಾಡಬೇಡಿ.

ಮುಂದಿನ ಸಲ ಬುಡಬುಡಿಕೆ ಒಯ್ಯುತ್ತೇನೆ. ಅದಕ್ಕೂ ದುಂದುನ್ ಹಾಗೇ ಸಣ್ಣ ನಡು, ಹಿಂಡಲು ಹುರಿ. ಉಳಿದ ಎರಡು 'ಒಕೊ' ಅದರಲ್ಲಿ ಬಂದೀತು.